ಮೂರನೆಯ ಮುಹೂರ್ತಕ್ಕೆ ಔರಾದದ ದಾರಿ

ಬೀದರದಿಂದ ಔರಾದಕ್ಕೆ ಬಸ್ಸಿನಲ್ಲಿ ಕೂತರೆ ಒಂದು ನಿದ್ದೆಯ ದಾರಿ. ಅದನ್ನು ಕ್ರಮಿಸಲು ನನಗೆ ಎರಡು ದಿನ ಹಿಡಿಯಿತು, ಅದೂ ನನ್ನ ಮದುವೆಗೆ ಹೋಗುವಾಗ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಚಳಿಗಾಲ ಅದು. ಬೀದರದಲ್ಲಿ ಮೈಸೂರು ಬೇಕೆನ್ನುವವರು ಬಂದ್ ಮಾಡುತ್ತಿದ್ದರು, ಔರಾದದ ಕಡೆ ಅದು ಬೇಡ, ಪಕ್ಕದ ರಾಜ್ಯ ಬೇಕೆನ್ನುವವರು. ಉಳಿದ ಎಲ್ಲದರಲ್ಲಿ ಹಾವು ಮುಂಗುಸಿಯಂತಿದ್ದ ಎರಡೂ ಕಡೆಯವರು ಬಸ್ಸು ನಿಲ್ಲಿಸುವ ವಿಷಯದಲ್ಲಿ ಮಾತ್ರ ಅಣ್ಣತಮ್ಮಂದಿರು. ಇವರ ದೆಸೆಯಿಂದ ನನ್ನ ಮದುವೆ ಎರಡು ಸಲ ಮುಂದಕ್ಕೆ ಹೋಗಿತ್ತು. ಊರ ಮಂದಿ ಹುಡುಗಿಯ ಕಾಲ್ಗುಣದ ಮಾತು ಎತ್ತಿದ್ದರು. ಈ ಸಲವೂ ತಪ್ಪಿದರೆ ತನ್ನ ಮಗಳನ್ನು ಇನ್ನು ಯಾರೂ ಕೇಳಿ ಬರಲಾರರೆಂದು ಅವಳ ತಂದೆ ಕಾಗದ ಬರೆದಿದ್ದರು. ನೀಲಾಳನ್ನು ನಾನು ನೋಡಿದ್ದು ಒಂದೇ ಸಲ. ಅಂದು ಅವಳು ತಲೆ ಎತ್ತಿ ನನ್ನನ್ನೇ ದಿಟ್ಟಿಸಿದಳು, ತಲೆ ತಗ್ಗಿಸಿದವನು ನಾನು. ಯಾವ ರಾಜ್ಯವಾದರೂ ಆಗಲಿ, ಮುಹೂರ್ತದ ದಿನ ಹನ್ನೊಂದು ಗಂಟೆಯೊಳಗೆ ಅವಳೆದುರು ನಿಂತರೆ ಸಾಕೆಂದು ನನ್ನ ಜೀವ ಕುಣಿಯುತ್ತಿತ್ತು.

ಹೊರಡುವ ದಿನ ಬೆಳಗಿನ ಚಳಿಯಲ್ಲಿ ಬಸ್ ನಿಲ್ದಾಣಕ್ಕೆ ಹೋದರೆ ಬಾಡಿಗೆಗೆ ಹೇಳಿಟ್ಟ ಬಸ್ಸಿಲ್ಲ, ಚಹಾದ ಅಂಗಡಿಗೂ ಬೀಗ. ಮೂವತ್ತು ಮಂದಿಯ ದಿಬ್ಬಣ ಅರ್ಧ ತಾಸಿನಲ್ಲಿ ಕರಗಿತು. ಕೊನೆಗೆ ಉಳಿದವರು ನಾನು, ಅವ್ವ, ಚಿಕ್ಕಪ್ಪ ಬಸಣ್ಣ, ಮತ್ತು ತಾಳಿ-ಸೀರೆ ಇಟ್ಟ ಟ್ರಂಕು. ರೈಲಿಗೆ ಬಂದ್‌ನ ಬಿಸಿ ತಟ್ಟಿರಲಿಲ್ಲ. ತಲೆಗೆ ಹತ್ತಾಣೆ ಕೊಟ್ಟು ಭಾಲ್ಕಿಯ ಟಿಕೀಟು ತೆಗೆದೆವು. ಹೀಗೆ ಔರಾದಕ್ಕೆ ಬೆನ್ನು ಮಾಡಿ ಔರಾದಕ್ಕೆ ಹೊರಟೆವು.

ಭಾಲ್ಕಿಯಲ್ಲಿ ಅಂಗಡಿಗಳು ಅರ್ಧ ಬಾಗಿಲು ತೆರೆದಿದ್ದವು. ಯಾರ ಮೆರವಣಿಗೆ ಬಂದರೆ ಮುಚ್ಚಬೇಕೆಂಬುದು ಅವರಿಗೂ ಗೊತ್ತಿರಲಿಲ್ಲ. ಸ್ಟೇಷನ್ನಿನ ಹೊರಗೆ ಬಂಡಿ ಹೂಡಿದ್ದ ಗುಂಡಪ್ಪ ನನ್ನ ಅರಿಷಿಣ ಹಚ್ಚಿದ ಮುಖ ನೋಡಿ ಬಾಡಿಗೆಯನ್ನು ಆರು ರೂಪಾಯಿಗೆ ಏರಿಸಿದ.

“ಮದವಿಗಿ ಹೊಂಟೀರಿ, ಚೌಕಾಸಿ ಯಾಕ್ರಿ?” ಎಂದ.

“ಮದವಿ ಅಂವಂದು, ನಿಂದಲ್ಲ. ನಾಕು ತಗೋ,” ಎಂದಳು ಅವ್ವ. ಐದಕ್ಕೆ ಮುಗಿಯಿತು.

ಬಂಡಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಮಾಂಜ್ರಾ ಹೊಳೆಯಲ್ಲಿ ಮೊಳಕಾಲುದ್ದ ನೀರಿತ್ತು. ನಾನು ಟ್ರಂಕನ್ನು ತಲೆಯ ಮೇಲೆ ಹೊತ್ತು ದಾಟಿದೆ. ಎರಡೂ ಕಡೆ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು. ಸಂಜೆಗೆ ಸಂತಪೂರ ಸೇರಿ ಮಠದಲ್ಲಿ ತಂಗಿದೆವು. ಮರುದಿನ ಬೆಳಕು ಹರಿಯುವ ಮೊದಲೇ ಎತ್ತು ಹೂಡಿಸಿದೆ. ಬಸಣ್ಣ ಕಾಕಾ, “ಗಂಡ ಹ್ಯಾಂಗ ಓಡ್ಲಾಕ ಹತ್ಯಾನ ನೋಡ್ರಿ, ಎತ್ತಿನಕಿಂತ ಮುಂದ,” ಎಂದು ನಗುತ್ತಿದ್ದ. ನನಗೆ ನಾಚಿಕೆಯೇನೂ ಆಗಲಿಲ್ಲ.

ಔರಾದ ಇನ್ನೆರಡು ಮೈಲಿ ಇರುವಾಗ ದಾರಿಗಡ್ಡ ಜಾಲಿ ಮುಳ್ಳಿನ ಕಂಟಿ ಕಂಡಿತು. ಅದರ ಹಿಂದೆ ಇಪ್ಪತ್ತು ಮಂದಿ ಕೂತಿದ್ದರು. ಎರಡೂ ಕಡೆ ಗಾಡಿಗಳು ನಿಂತಿದ್ದವು: ಜೋಳದ ಚೀಲದ್ದೊಂದು, ಗಡಿಗೆಯದ್ದೊಂದು. ಇನ್ನೊಂದರಲ್ಲಿ ಹಲ್ಲು ಕೀಳಿಸಿಕೊಳ್ಳಲು ಬೀದರಕ್ಕೆ ಹೊರಟ ಮುದುಕ ಬಾತ ದವಡೆಗೆ ಧೋತರದ ತುಂಡು ಕಟ್ಟಿಕೊಂಡು ನಿನ್ನೆಯಿಂದ ನರಳುತ್ತಿದ್ದ. ಮುಂದಾಳು ಕೂತಲ್ಲಿಂದಲೇ ನಮ್ಮತ್ತ ತಿರುಗಿದರು. ನೋಡಿದರೆ ನೀಲಾಳ ಸೋದರಮಾವ ಶರಣಪ್ಪ!

ಸೋದರಮಾವ ಹುಡುಗಿಯ ಬೆನ್ನಿಗೆ ನಿಲ್ಲದೆ ನಮ್ಮಲ್ಲಿ ಅಕ್ಕಿಕಾಳು ಬೀಳುವುದಿಲ್ಲ. ನಾನು ಕಂಟಿ ಹಾರಿ ಹೊಲದಗುಂಟ ಓಡಿದರೂ ಈ ಮನುಷ್ಯ ಬರದೆ ಮದುವೆ ಇಲ್ಲ.

“ಸಂಜಿತನಕ ಗಾಲಿ ಉರುಳಂಗಿಲ್ಲ, ನಾ ಇಲ್ಲಿಂದ ಏಳಂಗಿಲ್ಲ ಅಂತ ಮಂದಿಗಿ ಜಬಾನ ಕೊಟ್ಟೀನ್ರಿ,” ಎಂದರು ಮಾವ. “ಮುಹೂರ್ತ ಮೊದಲ ಗೊತ್ತಾಗಿತ್ತು, ಬಂದ್ ಹಿಂದಿಂದ ಗೊತ್ತಾತು. ಊರವರ ಗಾಡಿ ತಡದು ನನ್ನ ಮನಿ ಗಾಡಿ ಬಿಟ್ಟರ ನಾಳಿ ಯಾವ ಮಾರಿ ತೋರಸಲಿ?”

ಗಂಟೆ ಒಂಬತ್ತು ದಾಟಿತ್ತು. ನನಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದವು. ಅವ್ವ ಮಾತ್ರ ಬಂಡಿಯಿಂದಿಳಿದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ನೀವು ಏಳಬ್ಯಾಡ್ರಿ. ಹುಡುಗಿನ್ನ ಇಲ್ಲಿಗೇ ಕರಸ್ರಿ. ಕಾಲಿಗೇನೂ ಬಂದ್ ಇಲ್ಲಲ್ಲ?”

ಬಸಣ್ಣ ಕಾಕಾ ಆಗಲೇ ಔರಾದದತ್ತ ಓಡುತ್ತಿದ್ದ.

ಹತ್ತೂವರೆಗೆ ಹಲಗೆ ಬಾರಿಸುವ ಸದ್ದು ಕೇಳಿತು. ನೀಲಾ ಎರಡು ಮೈಲಿ ನಡೆದು ಬಂದಳು. ಹಸಿರು ಸೀರೆಗೆ ಅಂಚಿನಿಂದ ಮೊಳಕಾಲತನಕ ಕೆಂಧೂಳು. ಹಿಂದೆ ಅವಳ ತಂದೆ, ಮದುವೆ ಮಾಡಿಸುವ ಅಯ್ಯನವರು, ಹಾಡುವ ಹೆಂಗಸರು. ಅಕ್ಕಿಯ ಬುಟ್ಟಿ ಗಡಿಬಿಡಿಯಲ್ಲಿ ಮನೆಯಲ್ಲೇ ಉಳಿದಿತ್ತು. ಜೋಳದ ಗಾಡಿಯವನು ತಾನಾಗಿ ಚೀಲ ಬಿಚ್ಚಿ ಎಲ್ಲರ ಕೈಗೂ ಬಿಳಿ ಜೋಳ ಹಾಕಿದ. ಮಾವ ಕೂತಲ್ಲೇ ಎದ್ದು ಸೋದರಸೊಸೆಯ ಬೆನ್ನಿಗೆ ನಿಂತರು. ಬಂದ್ ಮಾಡಿದವರು, ಬಂದ್‌ನಲ್ಲಿ ಸಿಕ್ಕಿಬಿದ್ದವರು ಎಲ್ಲರೂ ನಮ್ಮ ತಲೆಯ ಮೇಲೆ ಕಾಳು ಎರಚಿದರು. ನನ್ನಷ್ಟು ಸುಖಿ ಆ ಹೊತ್ತಿನಲ್ಲಿ ಎರಡೂ ರಾಜ್ಯಗಳಲ್ಲಿ ಯಾರೂ ಇರಲಿಲ್ಲ.

ಆಮೇಲೆ ಸೋದರಮಾವನ ಆಯೇರಿಯ ಸರದಿ. ಅದು ಹುಡುಗಿಗೆ ಅವನು ಕೊಡಲೇಬೇಕಾದ ಉಡುಗೊರೆ. ಮಾವ ಗಂಟಿನಿಂದ ಇಳಕಲ್ಲ ಸೀರೆ ತೆಗೆದರು. ನೀಲಾ ಕೈ ಚಾಚಲಿಲ್ಲ.

“ಮಾಮಾ, ಸೀರಿ ಬ್ಯಾಡ್ರಿ. ದಾರಿ ಕೊಡ್ರಿ. ನಮಗಷ್ಟೇ ಅಲ್ಲ, ಎಲ್ಲಾರಿಗಿ. ಆ ಅಜ್ಜ ನಿನ್ನಿಂದ ನರಳ್ಲಾಕ ಹತ್ಯಾನ.”

ಹಲಗೆ ನಿಂತಿತು. ಅಕ್ಕಿಕಾಳು ಬಿದ್ದ ಮೇಲೆ ಮದುಮಗಳು ಕೇಳಿದ ಆಯೇರಿಯನ್ನು ಇಲ್ಲವೆಂದ ಸೋದರಮಾವನನ್ನು ನಮ್ಮ ಕಡೆ ಯಾರೂ ಕಂಡಿಲ್ಲ. ಮಾವ ತಾವೇ ಬರಿಗೈಯಲ್ಲಿ ಕಂಟಿ ಎಳೆದು ಬದಿಗೆ ಹಾಕಿದರು. ಎಲ್ಲ ಗಾಡಿಗಳೂ ಹೋದವು, ಹಲ್ಲುನೋವಿನ ಅಜ್ಜನದು ಮೊದಲು. ಕಡೆಯದಾಗಿ ನಮ್ಮದು ದಾಟಿದಾಗ ಮಾವ ಕಂಟಿಯನ್ನು ಮತ್ತೆ ಅಡ್ಡ ಎಳೆದು ಅದರ ಮುಂದೆ ಕೂತರು. ಅವರ ಇಪ್ಪತ್ತು ಮಂದಿ ಹುಗ್ಗಿಯ ಊಟಕ್ಕೆಂದು ನಮ್ಮ ಬಂಡಿಯ ಹಿಂದೆಯೇ ನಡೆಯುತ್ತಿದ್ದರು.

ನೀಲಾ ಮೊದಲ ಸಲ ನನ್ನೊಡನೆ ಮಾತಾಡಿದಳು. “ಮಾಮಾಗ ಊಟ ಯಾರು ಒಯ್ತಾರ್ರಿ?”

“ನಾ ಒಯ್ತೇನಿ,” ಎಂದೆ.

ಬಾಸಿಂಗ ಬಿಚ್ಚಿಟ್ಟು ಹುಗ್ಗಿಯ ಪಾತ್ರೆ ಹಿಡಿದು ಎರಡು ಮೈಲಿ ನಡೆದೆ. ಮಾವ ಉಂಡರು, ಎದ್ದು ಬರಲು ಒಪ್ಪಲಿಲ್ಲ. ನಾನೂ ಜೊತೆಗೆ ಕೂತೆ. ಮದುವೆಯ ದಿನ ಮಧ್ಯಾಹ್ನವೆಲ್ಲ ಮದುಮಗನಾದ ನಾನು ನನ್ನದಲ್ಲದ ಚಳವಳಿಯಲ್ಲಿ ರಸ್ತೆ ತಡೆದು ಕೂತಿದ್ದೆ. ಹೊತ್ತು ಮುಳುಗಿದಾಗ ಅವರು ಧೋತರ ಝಾಡಿಸಿ ಎದ್ದರು.

“ಬೀದರದಾಗ ನಿಮ್ಮ ಮಂದಿ ಬಂದ್ ಯಾವಾಗ ಬಿಡ್ತಾರ್ರಿ?”

“ನಾಳಿಗಿ ಮುಗೀತದಂತ್ರಿ. ನಾಡದು ನೀಲಾನ್ನ ಕರಕೊಂಡು ಬಸ್ಸಿಗಿ ಹೊಂಡ್ತೇವಿ.”

ಮಾವ ಕಂಟಿಯನ್ನು ಬದಿಗೆಳೆದರು. ಬೆನ್ನು ನನ್ನ ಕಡೆ ಇತ್ತು.

“ಇನ್ನೆರಡು ದಿನ ಮುಂದವರಸ್ಲಾಕ ಹೇಳ್ರಿ ಅವರಿಗಿ,” ಎಂದರು. “ಅಕಿ ತೊಟ್ಟಿಲದಾಗಿನಿಂದ ನನ್ನ ಮನ್ಯಾಗೇ ಬೆಳದಾಳ.”