ಕಟ್ಟೆಯಲ್ಲಿ ಕೂತ ಹಡಗು

ನಿನ್ನೆ ಹೊಸ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದೆ. ಬೀಜವೊಂದು ಜಾರಿ, ಟಣ್ಣನೆ ಹಾರಿ ಸೋಫಾದ ಕೆಳಗೆ ಸೇರಿತು. ಬಗ್ಗಿ ತೆಗೆಯಲು ಮಂಡಿ ಒಪ್ಪಲಿಲ್ಲ. ಈ ಮಂಡಿಯ ಹೆಸರು ಹೇಳಿಯೇ ಬೆಳಿಗ್ಗೆ ಗೆಳತಿ ಸರೋಜಳಿಗೆ ಫೋನಿನಲ್ಲಿ "ಬರಕ್ಕಾಗಲ್ಲ ಕಣೇ" ಅಂದಿದ್ದೆ. ಅವಳು ಮಂಗಳೂರಿಗೆ ಹೊರಟಿದ್ದಾಳೆ, ಹಡಗು ನೋಡಲು. ನಗಬೇಡಿ. ನಾವಿಬ್ಬರೂ ಕಾಲೇಜಿನಲ್ಲಿ ಓದಿದ್ದೇ ಹಡಗು ನಡೆಸುವ ವಿದ್ಯೆ. ಅರವತ್ತು ದಾಟಿದರೂ ಹಡಗು ಕಂಡವರಲ್ಲ.

ಎಂಬತ್ತರ ದಶಕದ ಆರಂಭ. ಯಲಹಂಕದ ಕಾಲೇಜಿನಲ್ಲಿ ಬಿ.ಕಾಂ.ಗೆ ಶಿಪ್ಪಿಂಗ್ ಮ್ಯಾನೇಜ್‌ಮೆಂಟ್ ಎಂಬ ವಿಷಯ ಯಾಕಿತ್ತೋ ದೇವರೇ ಬಲ್ಲ. ನಮಗೆ ಗೊತ್ತಿದ್ದ ದೊಡ್ಡ ನೀರೆಂದರೆ ಹೆಸರಘಟ್ಟದ ಕೆರೆ. ಪಾಠ ಮಾಡುವ ಬಾದಾಮಿ ಮೇಷ್ಟ್ರು ಧಾರವಾಡದ ಕಡೆಯವರು. ಅವರೂ ಸಮುದ್ರ ಕಂಡದ್ದು ಒಂದೇ ಸಲ, ಗೋಕರ್ಣದಲ್ಲಿ, ಅದೂ ಕಣ್ಣು ಮುಚ್ಚಿ ಮುಳುಗು ಹಾಕುವಾಗ. ಮೊದಮೊದಲು ಪುಸ್ತಕ ಓದಿ ಹೇಳಿದರು, ನಾವು ಆಕಳಿಸಿದೆವು. ಒಂದು ದಿನ ಸೀಮೆಸುಣ್ಣ ಹಿಡಿದು ಬೋರ್ಡಿನ ಕಡೆ ಹೋಗದೆ ನೆಲಕ್ಕೇ ಕೂತು ಚೌಕಾಬಾರದ ಮನೆ ಬರೆದರು.

"ಈ ಕಟ್ಟಿ ಅದಾವಲ್ಲ, ಇವು ಬಂದರ. ಕಾಯಿ ಅಂದ್ರ ಹಡಗ. ಇನ್ನ ಆಡ್ರಿ."

ಚೌಕಾಬಾರ ಆಡಿದವರಿಗೆ ಗೊತ್ತು, ಅಡ್ಡಗೀಟು ಹಾಕಿದ ಕಟ್ಟೆಯ ಮನೆಯಲ್ಲಿರುವ ಕಾಯಿಯನ್ನು ಯಾರೂ ಕಡಿಯುವ ಹಾಗಿಲ್ಲ. ಮೇಷ್ಟ್ರು ಅದಕ್ಕೊಂದು ಬಾಲ ಸೇರಿಸಿದರು. ಪ್ರತಿ ಹಡಗಿಗೂ ಒಂದು ಸರಕು. ಹತ್ತಿಯೋ ಅದಿರೋ ಆದರೆ ಕಟ್ಟೆಯಲ್ಲಿ ಎಷ್ಟು ಹೊತ್ತಾದರೂ ಕಾಯಬಹುದು. ಹಣ್ಣು ತುಂಬಿದ ಹಡಗು ಮೂರು ಸುತ್ತು ಕದಲದೆ ಕೂತರೆ ಸರಕು ಕೊಳೆತಂತೆ, ಕಾಯಿ ಆಟದಿಂದ ಹೊರಗೆ. ಒಂದು ಮೈ ತೇಯ್ದು ಬೆಳ್ಳಗೆ ಮಾಡಿದ ಹುಣಸೆಬೀಜಗಳಲ್ಲಿ ಬೀಳುವ ಗರವೇ ನಮಗೆ ಗಾಳಿ, ಮಳೆ, ಮುಷ್ಕರ ಎಲ್ಲ. ಪಾಠ ಎಷ್ಟು ತಲೆಗೆ ಹತ್ತಿತೆಂದರೆ ಪರೀಕ್ಷೆಯಲ್ಲಿ ನಾನು "ಸರಕು ಇಳಿಸಿದ ಕೂಡಲೇ ಹಡಗು ಹಣ್ಣಾಗುತ್ತದೆ" ಎಂದು ಬರೆದೆ. ನಡುಮನೆ ಸೇರಿದ ಕಾಯಿಗೆ ಹಾಗೇ ಅಲ್ಲವೇ ಅನ್ನುವುದು! ಮೇಷ್ಟ್ರು ಕೆಂಪು ಶಾಯಿಯಲ್ಲಿ "ಹಡಗ ಮಾವಿನಕಾಯಿ ಅಲ್ಲ ತಂಗಿ" ಎಂದು ಗೀಚಿ, ಅಂಕವನ್ನೂ ಕೊಟ್ಟಿದ್ದರು.

ಈ ಆಟದ ಸುದ್ದಿ ನಮ್ಮೂರು ಬಾಗಲೂರಿಗೆ ಬಸ್ಸಿಗಿಂತ ಬೇಗ ತಲುಪಿತು. ಅಪ್ಪನಿಗೆ ಅಲ್ಲಿ ದ್ರಾಕ್ಷಿ ತೋಟ. ನಮ್ಮ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ ನಾನು; "ಆಗ್ಲೇ ಬೇಡ ಅಂದಿದ್ವಿ" ಎನ್ನಲು ದೊಡ್ಡಪ್ಪಂದಿರು ಕಾದೇ ಕೂತಿದ್ದರು. ಒಂದು ಮಧ್ಯಾಹ್ನ ಅಪ್ಪ ತರಗತಿಯ ಬಾಗಿಲಿಗೇ ಬಂದು ನಿಂತ.

"ಓದಾಕ್ ಕಳ್ಸಿದ್ರೆ ಗರ ಆಕ್ಕೊಂಡ್ ಕುಂತವ್ಳೆ! ಏಳು ಮ್ಯಾಕೆ. ನಾಳೆಯಿಂದ ಕಾಲೇಜೂ ಬ್ಯಾಡ, ಏನೂ ಬ್ಯಾಡ. ಮನೇಲಿರು."

ಅಪ್ಪ ಒಮ್ಮೆ ಹೇಳಿದರೆ ಮುಗಿಯಿತು. ಮೇಷ್ಟ್ರು ಮಾತ್ರ ಏಳದೆ, ಸರಿದು ಜಾಗ ಮಾಡಿದರು. "ಒಂದ್ ಆಟ ಆಡಿ ಕರ್ಕೊಂಡ್ ಹೋಗ್ರಿ ಗೌಡ್ರ."

ಅರಳಿಕಟ್ಟೆಯಲ್ಲಿ ಚೌಕಾಬಾರಕ್ಕೆ ಕೂತರೆ ಊಟ ಮರೆಯುವ ಮನುಷ್ಯ ನಮ್ಮಪ್ಪ. ಸಿಟ್ಟಿನಲ್ಲೇ ಪಂಚೆ ಮಡಚಿ ನನ್ನೆದುರು ಕೂತ. ಮೇಷ್ಟ್ರು ನಿಯಮ ಹೇಳಿ, ಅವನ ಹಡಗಿಗೆ ದ್ರಾಕ್ಷಿ ತುಂಬಿದರು. ಅಪ್ಪನದು ಊರಿನ ವರಸೆ: ಕಾಯಿಯನ್ನು ಕಟ್ಟೆಗೆ ತಂದು ಕೂರಿಸುವುದು, ಬೆನ್ನಿಗೆ ಬಿದ್ದವರು ದಾಟಿ ಹೋಗುವವರೆಗೆ ಅಲ್ಲಾಡಿಸದಿರುವುದು. ಹಾಗೇ ಕೂರಿಸಿದ. ನನ್ನ ಕಾಯಿ ಹಿಂದೆಯೇ ಇತ್ತು. ಮೂರು ಸುತ್ತು ಕಳೆದದ್ದೇ ಮೇಷ್ಟ್ರು ಅಪ್ಪನ ಕಾಯಿ ಎತ್ತಿ ಪಕ್ಕಕ್ಕಿಟ್ಟರು.

"ಯಾಕ್ರೀ? ನಂದು ಕಟ್ಟೇಲೈತೆ! ಯಾರೂ ಕಡಿಯಂಗಿಲ್ಲ."

"ಯಾರೂ ಕಡದಿಲ್ಲರಿ. ಕುಂತಲ್ಲೇ ಕೊಳೀತ್ರಿ."

ಆ ಬೇಸಿಗೆ ಲಾರಿ ಬಾರದೆ ನಮ್ಮ ದ್ರಾಕ್ಷಿ ಬುಟ್ಟಿಯಲ್ಲೇ ಕೊಳೆತು, ಅಂಗಳಕ್ಕೆಲ್ಲ ನೊಣ ಮುತ್ತಿತ್ತು. ಪಕ್ಕಕ್ಕಿಟ್ಟ ಕಾಯಿಯನ್ನು ಅಪ್ಪ ನೋಡಿದ, ನನ್ನನ್ನು ನೋಡಿದ, ಎದ್ದು ಪಂಚೆ ಕೊಡವಿದ.

"ಬಾ, ಬಸ್ ತಪ್ಪೋಯ್ತದೆ." ಬಾಗಿಲು ದಾಟಿದ ಮೇಲೆ, ತಿರುಗಿ ನೋಡದೆ, "ನಾಳೆ ಬರೋವಾಗ ಮನೆ ಕವಡೆ ತಗಂಬಾ. ಈ ಉಣ್ಸೆಬೀಜ ಸರ್ಯಾಗಿ ಉಳ್ಳಾಕಿಲ್ಲ," ಎಂದ.

ಬಾಗಲೂರು ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ. ಸಂತೋಷಕ್ಕೆ.

ಈಗ ಅಪ್ಪನೂ ಇಲ್ಲ, ಮೇಷ್ಟ್ರೂ ಇಲ್ಲ. ತೋಟವಿದ್ದ ಜಾಗದ ಮೇಲೆ ವಿಮಾನಗಳು ತಗ್ಗಿ ಹಾರುತ್ತವೆ. ಪೊರಕೆ ತಂದು ಆ ಬೀಜವನ್ನು ಸೋಫಾದ ಕೆಳಗಿಂದ ಎಳೆದುಕೊಂಡೆ. ಆಮೇಲೆ ಸರೋಜಳಿಗೆ ಫೋನ್ ಮಾಡಿದೆ.

"ನಂಗೂ ಒಂದು ಟಿಕೆಟ್ ತೆಗಿಯೇ."

"ಮಂಡಿ ನೋವು ಅಂದ್ಯಲ್ಲೇ?"

"ಅದಿದ್ದಿದ್ದೇ ಬಿಡು. ಆಗ್ಲೇ ಎರಡು ಸುತ್ತು ಆಗೋಗಿದೆ ಕಣೇ," ಎಂದೆ.

ಅವಳೂ ಅದೇ ಕ್ಲಾಸಿನವಳು. ಬಿಡಿಸಿ ಹೇಳಬೇಕಾಗಲಿಲ್ಲ.