ಎಡಗೈ ವೀರನಿಗೆ ಅಕ್ಷರ ಬರೆದ ಅತ್ತಿಗೆ

ಕಥಾನಾಯಕರ ಹೊಟ್ಟೆಯೊಳಗೆ ಏನಿದೆ ಎಂದು ಹೇಳುವುದರಲ್ಲಿ ನನ್ನನ್ನು ಮೀರಿಸುವವನು ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ನನ್ನ ಭಾಷಣ ಕೇಳಿ ಊರು ಬಿಟ್ಟಿರಬೇಕು. ವೀರನೊಬ್ಬ ಕತ್ತಿಯನ್ನು ಒರೆಯಿಂದ ಗೇಣುದ್ದ ಎಳೆದರೆ ಸಾಕು, ಚಿಕ್ಕಂದಿನಲ್ಲಿ ಅವನ ಅಜ್ಜಿ ಅವನ ಯಾವ ಕಿವಿ ಹಿಂಡಿದ್ದಳೆಂದು ಹೇಳಿಬಿಡುತ್ತೇನೆ. ಎಡಗೈ ವೀರನ ಗುಟ್ಟು ಬಿಡಿಸಿದವನೂ ನಾನೇ. ಆ ವೀರನ ಬಾಯಿಗೆ ನಮ್ಮ ಭಾಷೆಯ ಮಾತು ಬರೆದು ಹಾಕಿದವರು ನನ್ನ ಅತ್ತಿಗೆ. ಇದು ಅವರ ಕಥೆ. ನಡುನಡುವೆ ನಾನು ತಲೆ ಹಾಕಿದರೆ ಅದು ಹುಟ್ಟುಗುಣ, ಸಹಿಸಿಕೊಳ್ಳಬೇಕು.

ಅತ್ತಿಗೆ ಕೆಲಸ ಮಾಡುವ ಪ್ರೆಸ್ಸು ಒಂದು ಸೈಕಲ್ ರಿಪೇರಿ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿದೆ. ಮೇಲೆ ಯಾರಾದರೂ ಚಕ್ರಕ್ಕೆ ಸುತ್ತಿಗೆಯ ಏಟು ಹಾಕಿದರೆ ಕೆಳಗೆ ಅತ್ತಿಗೆಯ ‘ಅ’ ಅಕ್ಷರದ ಬಾಲ ಉದ್ದವಾಗುತ್ತದೆ. ಜಪಾನಿನವರು ಮಾಂಗಾ ಎಂದು ಕರೆಯುವ ಚಿತ್ರಕಥೆಗಳನ್ನು ಆ ಪ್ರೆಸ್ಸು ನಮ್ಮ ಭಾಷೆಯಲ್ಲಿ ತಿಂಗಳಿಗೊಂದರಂತೆ ತರುತ್ತದೆ. ಪುಟವನ್ನು ಮೆಷಿನ್ನಿನಲ್ಲಿ ಪ್ರತಿ ತೆಗೆದು, ಪಾತ್ರಗಳ ಬಾಯಿಂದ ಹೊರಡುವ ಗುಳ್ಳೆಗಳಲ್ಲಿರುವ ಜಪಾನಿ ಅಕ್ಷರದ ಮೇಲೆ ವೈಟ್ನರ್ ಬಳಿದು, ಒಣಗಿದ ಮೇಲೆ ಅಲ್ಲಿ ಕೈಯಿಂದ ನಮ್ಮ ಅಕ್ಷರ ಬರೆಯುವುದು ಅತ್ತಿಗೆಯ ಕೆಲಸ. ಗುಳ್ಳೆಗೆ ಪ್ರೆಸ್ಸಿನಲ್ಲಿ ಬಲೂನು ಎನ್ನುತ್ತಾರೆ. ಜಪಾನಿನವರು ಮೇಲಿಂದ ಕೆಳಗೆ ಬರೆಯುವುದರಿಂದ ಬಲೂನುಗಳೆಲ್ಲ ನಿಲ್ಲಿಸಿದ ಸೌತೆಕಾಯಿಯ ಹಾಗೆ. ನಮ್ಮ ಪದಗಳೋ ಕಾಲು ಚಾಚಿ ಮಲಗುವ ಜಾತಿ, ಕೆಳಗೆ ಒತ್ತಕ್ಷರ ಬೇರೆ ನೇತಾಡುತ್ತದೆ. ‘ಪ್ರತಿಜ್ಞೆ’ ಎಂಬುದನ್ನು ಸೌತೆಕಾಯಿಯೊಳಗೆ ಕೂರಿಸುವುದು ಆನೆಗೆ ಕೂಸಿನ ಅಂಗಿ ತೊಡಿಸಿದಂತೆ. ಅತ್ತಿಗೆ ತೊಡಿಸುತ್ತಿದ್ದರು. ಎಲ್ಲಿ ಮುರಿಯಬೇಕು, ಯಾವ ಮಾತನ್ನು ಮುಂದಿನ ಬಲೂನಿಗೆ ದಾಟಿಸಬೇಕು ಎಂಬುದು ಅವರ ಬೆರಳಿಗೇ ಗೊತ್ತು. ಇಷ್ಟು ವರ್ಷದಲ್ಲಿ ಅವರು ಬಳಿದ ವೈಟ್ನರ್‌ನಲ್ಲಿ ಒಂದು ಹಡಗಿಗೆ ಎರಡು ಸಲ ಸುಣ್ಣ ಹೊಡೆಯಬಹುದಿತ್ತು. ಬಲಗೈ ತೋರುಬೆರಳಿನ ತುದಿ ಬೆಳ್ಳಗಾದದ್ದು ಮತ್ತೆ ಕಪ್ಪಾಗಲಿಲ್ಲ. ಸೈಕಲ್ ಅಂಗಡಿಯವನು ಅವರನ್ನು ಕರೆಯುವುದೇ ‘ವೈಟ್ನರಮ್ಮ’ ಎಂದು.

ಅವರು ಆ ಕೆಲಸಕ್ಕೆ ಸೇರಿದ್ದು ನನ್ನ ಅಣ್ಣ ಮನೆ ಬಿಟ್ಟ ವರ್ಷ. ಅಣ್ಣ ಬೀಗದ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದ. ಒಂದು ಸೋಮವಾರ ಬೆಳಗ್ಗೆ ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟವನು ಸಂಜೆಗೆ ಬರಲಿಲ್ಲ, ಮರುದಿನವೂ ಬರಲಿಲ್ಲ, ಹತ್ತೊಂಬತ್ತು ವರ್ಷ ಬರಲಿಲ್ಲ. ಕಾಗದವಿಲ್ಲ, ಫೋನಿಲ್ಲ. ಅವನಿಗಾಗ ಐವತ್ತೊಂದು, ಅತ್ತಿಗೆಗೆ ನಲವತ್ತೈದು. ಮಕ್ಕಳಿರಲಿಲ್ಲ. ಹಿರಿಯ ಅಣ್ಣ ಹೇಳದೆ ಕೇಳದೆ ಹೋದ ಎಂದು ಜನರ ಮುಂದೆ ಹೇಳಲು ನನಗೆ ನಾಲಗೆ ಬರಲಿಲ್ಲ. ಹಾಗಾಗಿ ಕಾರಣಗಳನ್ನು ನಾನೇ ಹೊಲಿದೆ. ಕಾರ್ಖಾನೆ ಮುಚ್ಚುವ ಸುಳಿವು ಅವನಿಗೆ ಮೊದಲೇ ಸಿಕ್ಕಿತ್ತು, ಸೋತ ಮುಖವನ್ನು ಹೆಂಡತಿಗೆ ತೋರಿಸಲಾರದೆ ಹೋದ ಎಂದೆ. ವರ್ಷ ಕಳೆದಂತೆ ಕಥೆಗೆ ಜರಿಯಂಚೂ ಬಂತು. ಅತ್ತಿಗೆಯ ಮುಂದೆಯೂ ಹೇಳುತ್ತಿದ್ದೆ. ಅವರು ನನ್ನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸುತ್ತಿದ್ದರು. ಅದನ್ನು ನಾನು ಒಪ್ಪಿಗೆ ಎಂದು ಓದಿಕೊಂಡೆ.

ಇನ್ನು ನಮ್ಮ ಬಳಗ. ಟೈಪಿಂಗ್ ಕಲಿಸುವ ಒಂದು ಮಹಡಿ ಕೋಣೆಯಲ್ಲಿ ಭಾನುವಾರ ಸಂಜೆ ನಾಲ್ಕಕ್ಕೆ ಏಳು ಜನ ಸೇರುತ್ತೇವೆ, ಮುಸುಕು ಹಾಕಿದ ಟೈಪ್‌ರೈಟರುಗಳ ಹಿಂದೆ ಒಬ್ಬೊಬ್ಬರು. ಪ್ರೆಸ್ಸಿನ ಚಿತ್ರಕಥೆಗಳನ್ನು ಓದಿ ಜಗಳವಾಡುವುದು ನಮ್ಮ ಕಾರ್ಯಕ್ರಮ. ಮೂರು ವರ್ಷದಿಂದ ನಡೆಯುತ್ತಿದ್ದ ದೊಡ್ಡ ಕಥೆ, ಸಮುದ್ರದಾಚೆ ಯುದ್ಧ ಮುಗಿಸಿಯೂ ಬಹುಕಾಲ ಮನೆಗೆ ಬಾರದ ಒಬ್ಬ ವೀರನದು. ಗ್ರೀಕರ ಮಹಾಕಾವ್ಯವೇ ತನಗೆ ಪ್ರೇರಣೆ ಎಂದು ಚಿತ್ರಕಾರನೇ ಮುನ್ನುಡಿಯಲ್ಲಿ ಬರೆದುಕೊಂಡಿದ್ದ. ಸಾಕಲ್ಲ, ಬಳಗ ಎರಡಾಯಿತು. ನಿವೃತ್ತ ಇತಿಹಾಸದ ಮೇಷ್ಟ್ರು ಗ್ರೀಕರ ಪಕ್ಷ: ವೀರ ತಡಮಾಡುವುದು ದೇವತೆಗಳ ಮುನಿಸಿನಿಂದ, ಮನಸ್ಸೆಲ್ಲ ಮನೆಯಲ್ಲೇ ಇದೆ ಎಂದು. ಔಷಧಿ ಅಂಗಡಿಯವನು ಜಪಾನಿನ ಪಕ್ಷ: ಮಾಂಗಾದ ನಾಯಕ ಹೋಗುವುದೇ ತನ್ನವರನ್ನು ತನ್ನಿಂದ ಕಾಪಾಡಲು ಎಂದು. ಇಬ್ಬರೂ ಕಿರುಚಿ ಸುಸ್ತಾದ ಮೇಲೆ ನಾನು ಎದ್ದು, ವೀರ ಕತ್ತಿ ಹಿಡಿಯುವುದು ಯಾವಾಗಲೂ ಎಡಗೈಯಲ್ಲಿ ಎಂಬುದನ್ನು ಯಾರಾದರೂ ಗಮನಿಸಿದ್ದೀರಾ ಎಂದು ಕೇಳಿದೆ. ಮಡದಿಯ ಕೈ ಬಿಡಿಸಿಕೊಂಡು ಹೋದ ಬಲಗೈಯನ್ನು ಮನೆ ಸೇರುವವರೆಗೆ ಬಳಸೆನೆಂದು ಅವನು ಶಪಥ ಮಾಡಿದ್ದಾನೆ ಎಂದೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

ಇದಾಗಿ ವರ್ಷಕ್ಕೆ ವೀರ ಮನೆಗೆ ಬರುವ ಸಂಚಿಕೆ ಬಂತು. ಒಂದು ಪುಟದ ತುಂಬ ಒಂದೇ ಚಿತ್ರ: ವೀರ ತನ್ನ ಮನೆಯ ಬಾಗಿಲು ತಳ್ಳುತ್ತಿದ್ದಾನೆ. ಬಲಗೈಯಲ್ಲಿ! ಅಂದು ನನ್ನನ್ನು ಹೊತ್ತು ಮೆರವಣಿಗೆ ಮಾಡದಿದ್ದದ್ದು ಮೆಟ್ಟಿಲು ಕಿರಿದಾಗಿದ್ದರಿಂದ ಮಾತ್ರ. ಆ ಪುಟದಲ್ಲಿ ವೀರನ ಗಾಯದ ಕಲೆಯೂ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿತ್ತು. ಅದಕ್ಕೂ ಮೇಷ್ಟ್ರ ಬಳಿ ವಿವರಣೆಯಿತ್ತು: ದುಃಖ ಸ್ಥಳ ಬದಲಾಯಿಸಿದೆಯಂತೆ.

ಆ ಸಂಚಿಕೆ ಅಚ್ಚಾಗುವುದಕ್ಕೆ ಒಂದು ತಿಂಗಳ ಮೊದಲು ಅಣ್ಣ ಬಂದಿದ್ದ. ಬೀದಿಯವರನ್ನು ವಿಚಾರಿಸಿಕೊಂಡು ನೇರ ಪ್ರೆಸ್ಸಿಗೇ ಹೋಗಿ, ನೆಲಮಾಳಿಗೆಯ ಮೆಟ್ಟಿಲ ಕೆಳಗೆ ಒಂದು ಚೀಲ ಹಿಡಿದು ನಿಂತನಂತೆ. ಅತ್ತಿಗೆ ತಲೆಯೆತ್ತಿ ನೋಡಿದರು. ಮನೆಗೆ ಬರಲೇ ಎಂದು ಕೇಳಿದನಂತೆ. ಬೇಡ ಎಂದರಂತೆ. ಅಷ್ಟೇ ಹೇಳಿ ಮುಂದಿನ ಪುಟ ಕೈಗೆ ತೆಗೆದುಕೊಂಡರಂತೆ. ಅವನು ಚೀಲದ ಸಮೇತ ನಮ್ಮ ಮನೆಗೆ ಬಂದ.

ಬಂದವನು ನಮ್ಮ ಹಜಾರದಲ್ಲಿ ಬೇರು ಬಿಟ್ಟ. ಅಣ್ಣನ ಗೊರಕೆಗೆ ಗೋಡೆಯ ಕ್ಯಾಲೆಂಡರು ಮುಂದಿನ ತಿಂಗಳಿಗೆ ತಾನೇ ಮಗುಚಿಕೊಳ್ಳುತ್ತಿತ್ತು. ಬಚ್ಚಲಿಗೆ ಹೋದರೆ ಹೊರಬರುವಷ್ಟರಲ್ಲಿ ಹೊರಗಿದ್ದವರಿಗೆ ಇನ್ನೊಂದು ನರೆಗೂದಲು. ಮೂರು ತಿಂಗಳು ನೋಡಿ ನನ್ನ ಹೆಂಡತಿ ಗಡುವು ಹಾಕಿದಳು: ತಿಂಗಳ ಕೊನೆಗೆ ಭಾವನವರು ಅವರ ಹೆಂಡತಿಯ ಮನೆಗೆ ಹೋಗಬೇಕು, ಇಲ್ಲದಿದ್ದರೆ ತಾನು ತನ್ನ ತಂಗಿಯ ಮನೆಗೆ. ಅತ್ತಿಗೆಗೆ ಇದ್ದದ್ದು ಎರಡು ಕೋಣೆ, ಆ ಕೋಣೆಗಳಲ್ಲಿ ಅವರ ಸಂಜೆಗಳು. ಅಲ್ಲಿ ಅಣ್ಣನಿಗೆ ಜಾಗ ಕೇಳಲು ನಾನು ಎರಡು ಸಲ ಹೋದೆ. ಎರಡು ಸಲವೂ ಅದೇ ‘ಬೇಡ’, ಅದೇ ಚಹಾ.

ಇದು ಹೆಣ್ಣಿನ ಮುನಿಸು, ನಾಲ್ಕು ಜನರೆದುರು ಅವನ ಮನಸ್ಸು ಬಿಚ್ಚಿಟ್ಟರೆ ಕರಗುತ್ತದೆ ಎಂದು ನಾನು ಓದಿಕೊಂಡೆ. ಅತ್ತಿಗೆಯನ್ನು ಬಳಗಕ್ಕೆ ಮುಖ್ಯ ಅತಿಥಿಯಾಗಿ ಕರೆದೆ. ಅಣ್ಣನಿಗೆ ಆ ಸಂಚಿಕೆ ಕೊಟ್ಟು, ವೀರ ಮಡದಿಗೆ ಹೇಳುವ ಮಾತನ್ನು ಒಂದು ವಾರ ಬಾಯಿಪಾಠ ಮಾಡಿಸಿದೆ. ಸ್ವಂತ ಮಾತಿನಲ್ಲಿ ಹೇಳಲು ಬಿಟ್ಟರೆ ಅವನು ಕೆಮ್ಮುತ್ತಾನೆ.

ಭಾನುವಾರ ಅತ್ತಿಗೆ ಬಂದರು. ಅಣ್ಣನನ್ನು ನೋಡಿ ಹೊರಟುಹೋಗಲಿಲ್ಲ, ಕಿಟಕಿಯ ಪಕ್ಕದ ಟೈಪ್‌ರೈಟರಿನ ಹಿಂದೆ ಕುಳಿತರು. ನಾನು ಬಲಗೈ ಪುಟವನ್ನು ಎತ್ತಿ ಹಿಡಿದು ಮುಕ್ಕಾಲು ಗಂಟೆ ಮಾತಾಡಿದೆ. ಚಪ್ಪಾಳೆಯಾದ ಮೇಲೆ ಮೇಷ್ಟ್ರು, ಆ ವೀರನ ಅಕ್ಷರವೇ ನೀವು, ಎರಡು ಮಾತಾಡಿ ಎಂದು ಅತ್ತಿಗೆಯನ್ನು ಕೇಳಿಕೊಂಡರು.

“ಆ ಪುಟ ನನ್ನ ತಪ್ಪು ಮೇಷ್ಟ್ರೇ” ಎಂದರು ಅತ್ತಿಗೆ. “ಜಪಾನಿನ ಪುಸ್ತಕ ಬಲದಿಂದ ಎಡಕ್ಕೆ ಓದೋದು. ನಮ್ಮವರು ಎಡದಿಂದ ಓದ್ತಾರಲ್ಲ, ಅದಕ್ಕೆ ಪ್ರತಿ ಪುಟಾನೂ ಮೊದಲು ಕನ್ನಡೀಲಿ ಕಂಡ ಹಾಗೆ ತಿರುಗಿಸ್ತೀನಿ. ಮೆಷಿನ್ನಲ್ಲಿ ಅದಕ್ಕೊಂದು ಗುಂಡಿ ಇದೆ. ತಿರುಗಿಸಿದ ಮೇಲೆ ಅಕ್ಷರ ಬರೆಯೋದು. ಅದಕ್ಕೇ ಆ ಕಥೇಲಿ ಎಲ್ಲರೂ ಎಡಚರು. ಅಡುಗೆಯವಳೂ ಎಡಚಿ, ಕುದುರೆ ಕಾಯೋನೂ ಎಡಚ. ನೀವು ವೀರನ್ನ ಬಿಟ್ಟು ಬೇರೆಯವರ ಕೈ ನೋಡ್ಲೇ ಇಲ್ಲ.”

ಔಷಧಿ ಅಂಗಡಿಯವನು ಸಂಚಿಕೆಯನ್ನು ಎಳೆದುಕೊಂಡು ಅಡುಗೆಯವಳನ್ನು ಹುಡುಕತೊಡಗಿದ.

“ಈ ಒಂದು ಪುಟಕ್ಕೆ ಗುಂಡಿ ಒತ್ತೋದು ಮರೆತೆ. ಪುಟಕ್ಕೆ ಒಂದೇ ಚಿತ್ರ ಅಲ್ವಾ, ಓದೋ ಕ್ರಮ ಕೆಡಲಿಲ್ಲ, ಯಾರಿಗೂ ಗೊತ್ತಾಗ್ಲಿಲ್ಲ. ಆಗಷ್ಟೇ ಇವರು ಬಂದು ಮೆಟ್ಟಿಲ ಹತ್ರ ನಿಂತಿದ್ರು.”

ಶಪಥ, ಪಶ್ಚಾತ್ತಾಪ, ನನ್ನ ಮುಕ್ಕಾಲು ಗಂಟೆ ಎಲ್ಲ ಒಂದು ಗುಂಡಿಯ ಕೆಳಗೆ ಹೋಯಿತು. ಮೇಷ್ಟ್ರು ಮಾತ್ರ, ಲೇಖಕನಿಗೆ ತಿಳಿಯದೆಯೂ ಅರ್ಥ ಹುಟ್ಟುತ್ತದೆ ಎಂದು ಗೊಣಗಿದರು. ನನಗೆ ಅರ್ಥಕ್ಕಿಂತ ಹಜಾರ ಮುಖ್ಯವಾಗಿತ್ತು. ಅಣ್ಣನ ಪಕ್ಕೆಗೆ ತಿವಿದೆ. ಅವನು ಎದ್ದು ನಿಂತು, ಎರಡೂ ಕೈಯಿಂದ ಟೈಪ್‌ರೈಟರಿನ ಮುಸುಕು ಹಿಡಿದುಕೊಂಡ.

“ನಿನ್ನ ಮೇಲಿನ ಕೋಪಕ್ಕೆ ಹೋದವನಲ್ಲ ನಾನು” ಎಂದ. ಉಸಿರು ತೆಗೆದುಕೊಂಡ. “ನನ್ನ ಸೋಲಿನ.” ಮತ್ತೆ ಉಸಿರು. “ನೆರಳು ನಿನ್ನ ಹೊಸ್ತಿಲ.” ನಿಂತ.

“ಮೇಲೆ ಬೀಳದಿರಲೆಂದು” ಎಂದು ಅತ್ತಿಗೆ ಮುಗಿಸಿಕೊಟ್ಟರು. “ಬಲೂನು ಸಣ್ಣದಿತ್ತು, ಅದಕ್ಕೆ ‘ನೆರಳು’ ಮುಂದಿನದಕ್ಕೆ ತಳ್ಳಿದೆ. ನಾನು ಎಲ್ಲೆಲ್ಲಿ ಮುರಿದಿದ್ದೀನೋ ಅಲ್ಲಲ್ಲೇ ಉಸಿರು ತಗೊಳ್ತಾ ಇದ್ದೀರಿ. ಪಾಠ ಯಾರು ಹೇಳಿಕೊಟ್ಟದ್ದು, ಪಂಡಿತನಾ?”

ಮದುವೆಯಾಗಿ ಬಂದಾಗಿನಿಂದ ಅವರು ನನ್ನನ್ನು ಕರೆಯುವುದೇ ಪಂಡಿತ ಎಂದು. ಅದು ಹೊಗಳಿಕೆ ಎಂದು ಆ ಗಳಿಗೆಯವರೆಗೂ ತಿಳಿದಿದ್ದೆ.

ಅಣ್ಣ ಮುಸುಕಿನ ಅಂಚನ್ನು ಮಡಚುತ್ತ ಬಿಚ್ಚುತ್ತ ಇದ್ದ. ಅತ್ತಿಗೆ ದನಿ ಏರಿಸಲಿಲ್ಲ. “ಕಾರ್ಖಾನೆ ಮುಚ್ಚಿದ್ದು ನೀವು ಹೋಗಿ ಎರಡು ವರ್ಷಕ್ಕೆ. ಹಾಗಾಗಿ ಆ ಕಥೆ ಬೇಡ. ಯಾಕೆ ಹೋದ್ರಿ? ನಿಮ್ಮ ಮಾತಲ್ಲಿ ಹೇಳಿ.”

ಅವನು ಕೆಮ್ಮಿದ. ಬಹಳ ಹೊತ್ತು ಕೆಮ್ಮಿದ. ಆಮೇಲೆ ಹೇಳಿದ.

“ಬಸ್ ಸ್ಟಾಪಲ್ಲಿ ನಿಂತಿದ್ದೆ. ಬೇರೆ ಕಡೆ ಹೋಗೋ ಬಸ್ಸು ಮೊದಲು ಬಂತು. ಸೀಟು ಖಾಲಿ ಇತ್ತು. ಹತ್ತಿದೆ.”

“ಆಮೇಲೆ?”

“ಆಮೇಲೆ ಇಳಿಯೋಕೆ ಬೇಜಾರಾಯ್ತು.”

“ಹತ್ತೊಂಬತ್ತು ವರ್ಷ?”

“ಹೂಂ.”

“ಈಗ ಬಂದದ್ದು?”

“ಮಂಡಿ ನೋವು. ಅಲ್ಲಿ ರೂಮು ಮೂರನೇ ಮಹಡೀಲಿತ್ತು.”

ಹತ್ತೊಂಬತ್ತು ವರ್ಷ ನಾನು ಆ ಬಸ್ಸಿನ ಸೀಟಿಗೆ ತ್ಯಾಗ, ಮಾನ, ಮೌನ ಎಂದು ಮೂಟೆ ಮೂಟೆ ಹೇರಿದ್ದೆ. ಅಲ್ಲಿ ಕೂತಿದ್ದದ್ದು ಒಂದು ಬೇಜಾರು, ಟಿಕೆಟ್ ಹಿಡಿದುಕೊಂಡು. ಅತ್ತಿಗೆ ತಲೆಯಾಡಿಸಿದರು. ಆ ಉತ್ತರ ಅವರಿಗೆ ಹೊಸದೆಂದು ಅನ್ನಿಸಲಿಲ್ಲ. ಅವನು ಅಷ್ಟು ಹೇಳಿದ ಮೇಲೆ ಕೂತುಕೊಳ್ಳಲು ಅವರೇ ಕೈಸನ್ನೆ ಮಾಡಿದರು, ಮಂಡಿ ನೋವಿನವನಿಗೆ ಯಾರಾದರೂ ಮಾಡುವ ಹಾಗೆ.

ಮೇಷ್ಟ್ರಿಗೆ ಸುಮ್ಮನಿರಲಾಗಲಿಲ್ಲ. ಗ್ರೀಕರ ಕಾವ್ಯದಲ್ಲಿ ಗಂಡ ಯಾಕೆ ಹೋದ ಎಂಬುದು ಎಷ್ಟು ದೊಡ್ಡದೋ ಹೆಂಡತಿ ಇಪ್ಪತ್ತು ವರ್ಷ ಬಾಗಿಲು ತೆರೆದಿಟ್ಟುಕೊಂಡಿದ್ದಳು ಎಂಬುದೂ ಅಷ್ಟೇ ದೊಡ್ಡದು, ಅವಳಿಂದಲೇ ಆ ಕಾವ್ಯ ನಿಂತಿದೆ ಎಂದು ಶುರು ಮಾಡಿದರು. ಮುಳುಗುತ್ತಿದ್ದ ನಾನು ಆ ಹುಲ್ಲುಕಡ್ಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ಅದನ್ನೇ ನಾನೂ ಕೇಳೋದು ಅತ್ತಿಗೆ” ಎಂದೆ. “ಅವನು ಯಾಕಾದರೂ ಹೋಗಿರಲಿ. ನೀವು ಬೇರೆ ಮನೆಗೆ ಹೋಗ್ಲಿಲ್ಲ, ಬೇರೆ ಊರಿಗೆ ಹೋಗ್ಲಿಲ್ಲ. ಅದೇ ಬೀದಿ, ಅದೇ ಬಾಗಿಲು. ಹತ್ತೊಂಬತ್ತು ವರ್ಷ ಕಾದವರು ಈಗ ಯಾಕೆ ಬಾಗಿಲು ಹಾಕ್ತೀರಿ?”

ಅತ್ತಿಗೆ ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು, ನನ್ನ ಕಡೆ ತಿರುಗಿದರು.

“ಕಾದೆ ಅಂತ ಯಾರು ಹೇಳಿದ್ದು ಪಂಡಿತ? ಆ ಮನೆಯಿಂದ ಪ್ರೆಸ್ಸಿಗೆ ನಡ್ಕೊಂಡು ಹೋಗ್ಬಹುದು, ನಲ್ಲೀಲಿ ನೀರು ಚೆನ್ನಾಗಿ ಬರತ್ತೆ. ನನಗೆ ಅಲ್ಲಿ ಚೆನ್ನಾಗಿತ್ತು, ಇದ್ದೆ.”