ಮೇಜಿನೂರಿನ ಪಟೇಲರ ಸಾವು

ಹೋದ ಗುರುವಾರ ಸಿದ್ದಾಪುರದಾಚೆಯ ಎಸ್ಟೇಟಿನ ಕಡೆಯಿಂದ ಎರಡು ಗುಂಡಿನ ಸದ್ದು ಕೇಳಿಬಂತು. ತಿರುವಿನಲ್ಲಿ ನಿಂತಿದ್ದ ವಿರಾಜಪೇಟೆ ಬಸ್ಸಿನಿಂದ ಒಬ್ಬರು ಮುದುಕರು ತಲೆ ಹೊರಹಾಕಿ ಕಂಡಕ್ಟರ್ ಕುಟ್ಟಪ್ಪನನ್ನು ಕೇಳಿದರಂತೆ: "ಇದು ನಿಜದ್ದಾ, ಆಟದ್ದಾ?"

ಕೊಡಗಿನ ಮನೆಗಳಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಸಾವಾದರೆ ಎರಡು. ಅದರಲ್ಲಿ ತಮಾಷೆಗೆ ಎಡೆಯಿಲ್ಲ. ಗುರುವಾರದ್ದು ನಿಜದ್ದೇ. ಎಸ್ಟೇಟಿನ ಹಾಜರಿ, ಲೆಕ್ಕ ಬರೆಯುವ ರೈಟರ್ ಸಾಂತಪ್ಪ ಕಣದಲ್ಲಿ ಹರವಿದ್ದ ಕಾಫಿಯನ್ನು ಬೊಗಸೆಯಲ್ಲಿ ಎತ್ತಿ ನೋಡುತ್ತಿದ್ದವನು ನಿಂತಲ್ಲೇ ಕುಸಿದ. ಬೆಳಿಗ್ಗೆ ಆಳುಗಳ ಹೆಸರು ಕರೆದಿದ್ದ, ಹನ್ನೊಂದು ಗಂಟೆಗೆ ಇರಲಿಲ್ಲ. ನಲವತ್ತಾರು ವಯಸ್ಸು. ವಾರ ಕಳೆದರೂ ನಂಬಲು ಆಗುತ್ತಿಲ್ಲ. ಆ ಮುದುಕರು ಹಾಗೆ ಕೇಳಿದ್ದನ್ನು ಮಾತ್ರ ಯಾರೂ ತಪ್ಪು ತಿಳಿಯಬಾರದು. ಹಾಗೆ ಕೇಳುವಂತೆ ಮಾಡಿಟ್ಟವನು ಸಾಂತಪ್ಪನೇ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಾತು. ಸಾಂತಪ್ಪ ಭಾಗಮಂಡಲದ ಕಡೆಯಿಂದ ಹೆಂಡತಿ ಯಮುನಳನ್ನು ಕರೆದುಕೊಂಡು ಹೊಸದಾಗಿ ಎಸ್ಟೇಟಿಗೆ ಬಂದಿದ್ದ. ಭಾನುವಾರ ಸಿದ್ದಾಪುರದ ಸಂತೆ ಮುಗಿಸಿ ಬಂದರೆ ಮಧ್ಯಾಹ್ನವಿಡೀ ಮಾಡಲು ಕೆಲಸವಿಲ್ಲ. ಬೀಜ ಆರಿಸುವ ಕೊಠಡಿಯ ಉದ್ದ ಮೇಜಿನ ಮೇಲೆ ಒಂದು ಹಳೆಯ ನಕ್ಷೆಯನ್ನು ಮಗುಚಿ ಹಾಕಿ, ಅದರ ಹಿಂಬದಿಗೆ ಪೆನ್ಸಿಲಿನಲ್ಲಿ ಒಂದು ಊರು ಬರೆದ, ಮೇಜಿನೂರು ಅಂತ. ಹೊಳೆ, ಗದ್ದೆ, ದೇವರಕಾಡು, ಹನ್ನೆರಡು ಮನೆ. ಮನೆಗೊಬ್ಬ ಮನುಷ್ಯ, ಪ್ರತಿಯೊಬ್ಬನಿಗೂ ಒಂದು ಹೆಸರು, ಒಂದು ಆಸೆ, ಒಂದು ಹೆದರಿಕೆ. ಆಡಲು ಬಂದವರು ಅದರಲ್ಲಿ ಒಬ್ಬೊಬ್ಬರಾಗಬೇಕು. ಊರಿನಲ್ಲಿ ಏನಾಯಿತೆಂದು ಸಾಂತಪ್ಪ ಹೇಳುವನು. "ಈಗ ನೀವೇನು ಮಾಡ್ತೀರಿ?" ಎಂದು ಕೇಳುವನು. ಅವರು ಹೇಳಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ಆರು ಕವಡೆ ತೀರ್ಮಾನಿಸುತ್ತಿದ್ದವು. ಮುರಿಯಲಾಗದ ನಿಯಮ ಒಂದೇ: ಯಾರೂ ತಾನು ತಾನೇ ಆಗಿರಕೂಡದು.

ಹಾಗಾಗಿ ಪಕ್ಕದ ತೋಟದ ಯಜಮಾನ ಉತ್ತಯ್ಯನವರು ಮೇಜಿನೂರಿನಲ್ಲಿ ಗದ್ದೆ ಉಳುವ ಮಾರನಾದರು. ಎಸ್ಟೇಟಿನ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ, ಇದ್ದ ಚಿನ್ನ ಎಂಬ ಕೂಲಿಯಾಳು ಬೆಳ್ಯಪ್ಪ ಪಟೇಲರಾದ.

ಚಿನ್ನನಿಗೆ ಓದು ಬರುತ್ತಿರಲಿಲ್ಲ. ಮೊದಲ ಭಾನುವಾರ ಮೇಜಿನ ಬಳಿ ಕುರ್ಚಿಯಿದ್ದರೂ ನಿಂತೇ ಇದ್ದ.

"ಕೂತ್ಕೊಳ್ಳಿ ಪಟೇಲ್ರೇ, ನೀವು ನಿಂತಿದ್ರೆ ನಾನು ಹೇಗೆ ಕೂರೋದು? ನಾನು ನಿಮ್ಮ ಆಳಲ್ವಾ?" ಎಂದು ಉತ್ತಯ್ಯ ನಗಾಡಿದರು.

ಚಿನ್ನ ಕೂತ. ಕೂತವನು ಅರ್ಧ ಗಂಟೆ ಕಳೆದ ಮೇಲೆ, "ಮಾರ, ಹೋದ ವರ್ಷ ನೀರಿನ ಕಟ್ಟೆ ಒಡೆದೋನು ನೀನೇ. ಸುಳ್ಳು ಹೇಳ್ಬೇಡ, ನಿನ್ನ ಮುಖಾನೇ ಹೇಳ್ತದೆ" ಎಂದಾಗ ಉತ್ತಯ್ಯನವರ ಮುಖ ನಿಜಕ್ಕೂ ಕೆಂಪೇರಿತು.

ಕುಟ್ಟಪ್ಪ ಆ ನಕ್ಷೆಯನ್ನು ನಕಲು ಮಾಡಿ ಬಸ್ಸಿನಲ್ಲಿ ಒಯ್ದ. ತಿತಿಮತಿಯ ಮರದ ಡಿಪೋದವರು ಅದಕ್ಕೊಂದು ಕಾಡು ಸೇರಿಸಿ, ಒಂಟಿ ಸಲಗವೊಂದನ್ನು ಬಿಟ್ಟು, ವಾರಕ್ಕೊಬ್ಬನನ್ನು ಅದರ ಕಾಲಡಿಗೆ ಹಾಕಿದರು. ಹುದಿಕೇರಿಯಲ್ಲಿ ನಾಲ್ಕು ಮೇಜಾದವು. ಅಲ್ಲಿ ಇಬ್ಬರು ಭಾವಂದಿರು ಮೇಜಿನೂರಿನ ಬೇಲಿ ಜಗಳಕ್ಕಾಗಿ ನಿಜವಾಗಿಯೂ ಮಾತು ಬಿಟ್ಟರು. ಅವರ ಅಕ್ಕತಂಗಿಯರು ಬಂದು ರಾಜಿ ಮಾಡಿಸಬೇಕಾಯಿತು. ಐದನೆಯ ವರ್ಷದ ಹೊತ್ತಿಗೆ ಕುಟ್ಟಪ್ಪನ ಚೀಲದಲ್ಲಿ ಬರುವ ಚೀಟಿಗಳೆಲ್ಲ ಒಂದೇ ಬಗೆಯವು: 'ನಮ್ಮಲ್ಲಿ ಹೀಗೊಂದು ತಕರಾರು ಎದ್ದಿದೆ, ನಿಮ್ಮ ಬೆಳ್ಯಪ್ಪ ಪಟೇಲರು ಏನನ್ನುತ್ತಾರೆ?' ಸಾಂತಪ್ಪ ಓದಿ ಹೇಳುವನು. ಚಿನ್ನ ಕಣ್ಣು ಮುಚ್ಚಿ ಯೋಚಿಸಿ ತೀರ್ಪು ಕೊಡುವನು. ಕೊಟ್ಟು, ಸೋಮವಾರ ಬೆಳಿಗ್ಗೆ ಬುಟ್ಟಿ ಸೊಂಟಕ್ಕೆ ಕಟ್ಟಿಕೊಂಡು ಹಣ್ಣು ಕೊಯ್ಯಲು ಸಾಲಿನಲ್ಲಿ ನಿಲ್ಲುವನು.

ಆರನೆಯ ವರ್ಷ, ಒಂದು ಭಾನುವಾರ ಮೂರು ಗಂಟೆಯ ಸುಮಾರಿಗೆ, ಮೇಜಿನೂರಿನಲ್ಲಿ ಹೊಳೆ ತುಂಬಿತ್ತು. ಆಚೆ ದಡದಲ್ಲಿ ಎರಡು ಮನೆಯವರು ಕತ್ತಿ ಹಿಡಿದು ನಿಂತಿದ್ದಾರೆ ಎಂದು ಸಾಂತಪ್ಪ ಹೇಳಿದ. ದಾಟಲು ಇದ್ದದ್ದು ಅಡ್ಡ ಬಿದ್ದ ಒಂದು ಮರ.

"ನಾನು ಹೋಗ್ತೇನೆ" ಎಂದ ಚಿನ್ನ.

"ಬೇಡಿ ಪಟೇಲ್ರೇ, ನಾನು ಹೋಗ್ತೇನೆ" ಎಂದರು ಉತ್ತಯ್ಯ.

"ನಿನ್ನ ಮಾತು ಯಾರು ಕೇಳ್ತಾರೆ ಮಾರ? ದಾರಿ ಬಿಡು."

"ಒಂದು ಕವಡೆ ಅಂಗಾತ ಬಿದ್ರೂ ಸಾಕು, ದಾಟಿದ ಹಾಗೆ" ಎಂದ ಸಾಂತಪ್ಪ.

ಚಿನ್ನ ಕವಡೆಗಳನ್ನು ಎರಡು ಕೈಯಲ್ಲಿ ಕುಲುಕಿ ಚೆಲ್ಲಿದ. ಆರೂ ಕವುಚಿ ಬಿದ್ದವು.

ಆರು ವರ್ಷದಲ್ಲಿ ಆರೂ ಒಟ್ಟಿಗೆ ಕವುಚಿದ್ದು ಬೆರಳೆಣಿಕೆಯಷ್ಟು ಸಲ. ಇನ್ನೊಂದು ಸಲ ಹಾಕು ಎನ್ನಬಹುದಿತ್ತು. ಆ ಮಾತು ಸಾಂತಪ್ಪನ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಎಷ್ಟೋ ಜನರ ಬೆಳೆ, ದನ, ಮನೆ ಇದೇ ಕವಡೆಗೆ ಹೋಗಿದ್ದಾಗ ಅವನು ಕನಿಕರ ತೋರಿಸಿದವನಲ್ಲ. ಅವನು ಹೇಳಿದ: "ಮರ ಜಾರಿತು. ಪಟೇಲ್ರನ್ನು ಹೊಳೆ ಎಳ್ಕೊಂಡು ಹೋಯ್ತು."

ಚಿನ್ನ ಕವಡೆಗಳನ್ನೇ ನೋಡುತ್ತ ಕೂತಿದ್ದ. ಉತ್ತಯ್ಯ ಎದ್ದರು. ಬರುವಾಗ ತಂದು ಗೋಡೆಗೆ ಒರಗಿಸಿಟ್ಟಿದ್ದ ತಮ್ಮ ಕೋವಿಯನ್ನು ತೆಗೆದುಕೊಂಡು ಕಣಕ್ಕೆ ಇಳಿದರು. ಏನು ಮಾಡುತ್ತಿದ್ದಾರೆಂದು ಯಾರಿಗಾದರೂ ಹೊಳೆಯುವ ಮೊದಲೇ ಆಕಾಶಕ್ಕೆ ಎರಡು ಗುಂಡು ಹಾರಿಸಿದ್ದರು. ಅವರ ಕಣ್ಣು ತುಂಬಿತ್ತು.

ಸದ್ದು ಗುಡ್ಡದಿಂದ ಗುಡ್ಡಕ್ಕೆ ಹೋಯಿತು. ಎಲ್ಲರಿಗಿಂತ ಮೊದಲು ಓಡಿ ಬಂದವಳು ಯಮುನ. ತಲೆಗೆ ಎಣ್ಣೆ ಹಚ್ಚುತ್ತಿದ್ದವಳು ಬಿಚ್ಚುಗೂದಲಲ್ಲೇ ಬಂದು ಗಂಡನ ತೋಳು ಹಿಡಿದು ಅಲುಗಿಸಿದಳು. "ಯಾರ್ ಸತ್ತದ್? ಹೇಳಿ, ಯಾರ್ ಸತ್ತದ್?" ಅರ್ಧ ಗಂಟೆಯೊಳಗೆ ಸುತ್ತಲಿನ ಮನೆಗಳವರು ಕಣದಲ್ಲಿ ತುಂಬಿದರು. ಗಂಡಸರು ಬಿಳಿ ಬಟ್ಟೆ ಉಟ್ಟಿದ್ದರು, ಹೆಂಗಸರು ಆಗಲೇ ಅಳುತ್ತಿದ್ದರು. ಉತ್ತಯ್ಯನವರ ಎಂಬತ್ತರ ತಾಯಿಯನ್ನು ಇಬ್ಬರು ಹಿಡಿದುಕೊಂಡು ಬಂದರು. ಮಗನನ್ನು ಕಣ್ಣೆದುರು ಕಂಡರೂ ಆ ಮುದುಕಿಯ ನಡುಕ ನಿಲ್ಲಲಿಲ್ಲ.

"ಯಾರಿಗೆ ಹೊಡೆದ ಗುಂಡು ಇದು?" ಎಂದು ಊರ ಹಿರಿಯರಾದ ಸೋಮಯ್ಯ ಕೇಳಿದರು.

ಉತ್ತಯ್ಯ ತಲೆ ತಗ್ಗಿಸಿದರು. ಎಲ್ಲರ ಕಣ್ಣೂ ಸಾಂತಪ್ಪನ ಮೇಲೆ. ಬಾಗಿಲಲ್ಲಿ ಚಿನ್ನ ನಿಂತಿದ್ದ.

"ಯಾರಿಗೂ ಅಲ್ಲ" ಎಂದ ಸಾಂತಪ್ಪ. "ಯಾರೂ ಸತ್ತಿಲ್ಲ. ಅದೊಂದು ಸುಮ್ಮನೆ ಆಟ. ಲೈನಿನ ಚಿನ್ನ ಪಟೇಲನಾಗಿದ್ದ, ಅಷ್ಟೇ."

"ಲೈನಿನ ಆಳಿಗೆ ಗುಂಡಾ?" ಎಂದು ಗುಂಪಿನಲ್ಲಿ ಯಾರೋ ಅಂದರು. ಅಳುತ್ತಿದ್ದವರಲ್ಲೇ ಒಬ್ಬಿಬ್ಬರು ನಕ್ಕುಬಿಟ್ಟರು. ಸೋಮಯ್ಯ ನಗಲಿಲ್ಲ. ಕ್ಯಾಕರಿಸಿ ಉಗುಳಿ ಹೊರಟುಹೋದರು. ಸಾಂತಪ್ಪ ತಿರುಗಿ ನೋಡಿದಾಗ ಬಾಗಿಲಲ್ಲಿ ಚಿನ್ನ ಇರಲಿಲ್ಲ.

ಮರುದಿನ ಸಾಂತಪ್ಪ, ಉತ್ತಯ್ಯ ಇಬ್ಬರೂ ಮನೆಮನೆಗೆ ಹೋಗಿ ತಪ್ಪೊಪ್ಪಿಕೊಂಡರು. ಲೈನಿನವರು ಇನ್ನು ಆ ಕೊಠಡಿಗೆ ಕಾಲಿಡಕೂಡದೆಂದು ಮ್ಯಾನೇಜರು ಅಪ್ಪಣೆ ಮಾಡಿದರು. ಸಾಂತಪ್ಪ ಅದಕ್ಕೂ ತಲೆಯಾಡಿಸಿದ. ಆ ಗದ್ದಲದ ಸುದ್ದಿಯಿಂದ ಆಟ ನಿಲ್ಲುವ ಬದಲು ಇನ್ನಷ್ಟು ಹಬ್ಬಿತು. ಗುಂಡು ಹಾರಿಸುವಂಥ ಆಟ ಎಂಥದ್ದೆಂದು ಮಡಿಕೇರಿಯಿಂದಲೂ ನಕ್ಷೆ ಕೇಳಿ ಬರೆದರು. ಹುದಿಕೇರಿಯಲ್ಲಿ ಏಳು ಮೇಜಾದವು. ಸಾಂತಪ್ಪನ ಮೇಜಿಗೆ ಮಾತ್ರ ಯಾರೂ ಬರಲಿಲ್ಲ. ಚಿನ್ನ ದಿನವೂ ಹಾಜರಿಗೆ ಬರುತ್ತಿದ್ದ. ಹೆಸರು ಕರೆದರೆ "ಹೂಂ" ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚಿನ ಒಂದು ಮಾತಿಲ್ಲ.

"ನೀವು ಹೋಗಿ ಕರೀರಿ" ಎಂದಳು ಯಮುನ.

"ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಇರೋದು ಒಂದೇ ಮುಖ ಅಲ್ವಾ? ಅದನ್ನೇ ತಗೊಂಡು ಹೋಗಿ."

ನಾಲ್ಕನೆಯ ಭಾನುವಾರ ಅವನು ಲೈನಿಗೆ ಹೋದ. ಹೋಗಿ ದಂಗಾಗಿ ನಿಂತ. ಸಾಲುಮನೆಯ ಎದುರಿನ ನೆಲದ ಮೇಲೆ ಇದ್ದಿಲಿನಲ್ಲಿ ಮೇಜಿನೂರು ಬರೆದಿತ್ತು. ಹೊಳೆ, ಗದ್ದೆ, ಹನ್ನೆರಡು ಮನೆ, ಒಂದೂ ಬಿಟ್ಟಿರಲಿಲ್ಲ. ಸುತ್ತ ಹನ್ನೊಂದು ಜನ ಕೂತಿದ್ದರು. ಮುತ್ತಿ ಎಂಬ ಮುದುಕಿ ಸೆರಗು ಬಿಗಿದು ಯಾರ ಜೊತೆಗೋ ಗದ್ದೆಯ ವ್ಯಾಜ್ಯ ಆಡುತ್ತಿದ್ದಳು. ಊರು ನಡೆಸುತ್ತಿದ್ದವನು ಚಿನ್ನ.

ಪಟೇಲರ ಮನೆಯ ಮೇಲೆ ಒಂದು ಕಲ್ಲು ಇಟ್ಟಿತ್ತು.

"ಪಟೇಲ್ರನ್ನ ಎಬ್ಬಿಸ್ಲಿಲ್ವಾ?" ಎಂದ ಸಾಂತಪ್ಪ. "ಈಗ ಊರು ನಿನ್ನ ಕೈಲಿದೆಯಲ್ಲ."

"ಸತ್ತೋರನ್ನ ಎಬ್ಬಿಸೋಕಾಗ್ತದಾ ರೈಟ್ರೇ? ಕವಡೆ ಬಿದ್ದ ಹಾಗೇ ಅಂತ ನೀವೇ ನಡೆಸಿದ್ದು. ಗುಂಡೂ ಹೊಡೆದಾಗಿದೆ."

"ನಾನು ಆಟಕ್ಕೆ ಬರಬಹುದಾ?"

ಚಿನ್ನ ತಲೆಯೆತ್ತಿದ. "ಆವತ್ತು ಅಷ್ಟು ಜನರ ಎದುರು ಯಾರೂ ಸತ್ತಿಲ್ಲ ಅಂದ್ರಿ. ನಮ್ಮಪ್ಪ ಸತ್ತಾಗ, ಅಣ್ಣ ಸತ್ತಾಗ ಯಾರು ಗುಂಡು ಹೊಡೆದ್ರು? ಜನ ಬಿಳಿ ಬಟ್ಟೆ ಉಟ್ಕೊಂಡು ಬಂದಿದ್ದು ಅದೊಂದು ಸಲ. ನೀವು ಅದನ್ನೂ ಇಲ್ಲ ಅಂದುಬಿಟ್ರಿ." ನಕ್ಷೆಯ ಸುತ್ತ ಕೂತವರತ್ತ ಕೈ ತೋರಿಸಿದ. "ಇಲ್ಲಿ ಹನ್ನೊಂದು ಜನ ಇದಾರೆ. ಯಾರು ಸತ್ತಿದ್ದು ಅಂತ ಹೇಳಿ. ಆಮೇಲೆ ಕೂತ್ಕೊಳ್ಳಿ."

ಮುತ್ತಿ ವ್ಯಾಜ್ಯ ನಿಲ್ಲಿಸಿ ಅವನ ಮುಖ ನೋಡಿದಳು. ಸಾಂತಪ್ಪ ಚಪ್ಪಲಿ ಕಳಚಿದ.

"ನಮ್ಮ ಮೇಜಿನೂರಿನ ಬೆಳ್ಯಪ್ಪ ಪಟೇಲರು ತೀರ್ಕೊಂಡ್ರು" ಎಂದ. "ಹೊಳೆ ದಾಟುವಾಗ. ಜಗಳ ಬಿಡಿಸೋಕೆ ಹೋಗ್ತಾ ಇದ್ರು."

"ಅಯ್ಯೋ, ಒಳ್ಳೆ ಮನುಷ್ಯ" ಎಂದು ಮುತ್ತಿ ಸ್ವಲ್ಪ ಅತ್ತ ಸರಿದು ಜಾಗ ಬಿಟ್ಟಳು. ಚಿನ್ನ ಕವಡೆಗಳನ್ನು ಬಾಚಿ ಸಾಂತಪ್ಪನ ಕಡೆಗೆ ತಳ್ಳಿದ.